‘ಹೇಳಲಾಗಿದೆ’ ಸರಿ, ಹೇಳಿದವರು ಯಾರು?

ಯಾವುದಾದರೂ ಇಂಗ್ಲಿಷ್ ಪತ್ರಿಕೆಯನ್ನು ಕೈಗೆತ್ತಿಕೊಂಡು ಮೊದಲ ಪುಟದ ಮೇಲೆ ಕಣ್ಣಾಡಿಸಿ. ‘ದ ಮಿನಿಸ್ಟರ್ ಈಸ್ ಸೆಡ್ ಟು ಬಿ ಅನ್‌ಹ್ಯಾಪಿ’ ಎಂಬಂಥ ವಾಕ್ಯ ಒಂದಾದರೂ ಸಿಗದೆ ಇರದು. ಮಂತ್ರಿಗಳಿಗೆ ಅಸಮಾಧಾನವಾಗಿದೆಯಂತೆ. ಹಾಗೆಂದು ಹೇಳಿದವರು ಯಾರು? ಖುದ್ದು ಮಂತ್ರಿಗಳೇ? ಅವರ ಆಪ್ತ ಕಾರ್ಯದರ್ಶಿಯೇ? ಅಥವಾ ಅವರ ಕುರ್ಚಿಯ ಮೇಲೆ ಕಣ್ಣಿಟ್ಟು ಕುಳಿತಿರುವ ಮತ್ತೊಬ್ಬ ಶಾಸಕರೇ? ವಾಕ್ಯ ಇದಾವುದನ್ನೂ ತಿಳಿಸುವುದಿಲ್ಲ. ವ್ಯಾಕರಣದ ಪ್ರಕಾರ ಅದರಲ್ಲಿ ಕೊರತೆಯೇನೂ ಇಲ್ಲ. ಕರ್ತೃಪದವಿದೆ, ಕ್ರಿಯಾಪದವಿದೆ, ಕೊನೆಗೊಂದು ಪೂರ್ಣವಿರಾಮವೂ ಇದೆ. ಇಲ್ಲದಿರುವುದು ಒಂದೇ: ಹೇಳಿದವರ ಹೆಸರು.

ಇಂಗ್ಲಿಷ್ ಭಾಷೆ ಗಾಳಿಮಾತನ್ನು ದಾಟಿಸಲು ಕಂಡುಕೊಂಡ ಮುಖ್ಯ ಸಾಧನ ಇದು. ವ್ಯಾಕರಣದ ಪುಸ್ತಕಗಳು ಇದನ್ನು ಕರ್ಮಣಿ ಪ್ರಯೋಗವೆಂದು ಕರೆಯುತ್ತವೆ. ‘ಇಟ್ ಈಸ್ ಸೆಡ್’, ‘ಇಟ್ ಈಸ್ ಬಿಲೀವ್ಡ್’, ‘ಈಸ್ ರಿಪೋರ್ಟೆಡ್ ಟು’, ‘ಈಸ್ ಅಲೆಜ್ಡ್ ಟು’ ಹೀಗೆ ಇದರ ಬಳಗ ದೊಡ್ಡದು. ನೋಡಲು ನಿರುಪದ್ರವಿ ನುಡಿಗಟ್ಟುಗಳು. ಆದರೆ ಇವುಗಳ ಹಿಂದೆ ಏಳೆಂಟು ಶತಮಾನಗಳ ಇತಿಹಾಸವಿದೆ. ಒಬ್ಬರ ತಲೆದಂಡ, ಇನ್ನೊಬ್ಬರ ಮಾನ, ಒಂದು ದೇಶದ ಯುದ್ಧ ಇವೆಲ್ಲ ಇಂಥ ಮಾತುಗಳಿಗೆ ತಳಕು ಹಾಕಿಕೊಂಡಿವೆ.

‘ಅಂತೆ’ ಇಲ್ಲದ ಭಾಷೆ

ಈ ವಿಷಯದಲ್ಲಿ ಕನ್ನಡಿಗರು ಅದೃಷ್ಟವಂತರು. ‘ಅವನು ಬಂದ’ ಎಂದರೆ ನಾನೇ ನೋಡಿದ್ದೇನೆ ಅಥವಾ ಅದಕ್ಕೆ ಹೊಣೆಯಾಗಲು ಸಿದ್ಧನಿದ್ದೇನೆ. ‘ಅವನು ಬಂದನಂತೆ’ ಎಂದರೆ ನಾನು ನೋಡಿಲ್ಲ, ಯಾರೋ ಹೇಳಿದ್ದು ಕಿವಿಗೆ ಬಿತ್ತು. ‘ಅಂತೆ’ ಎಂಬ ಒಂದು ಪುಟ್ಟ ಬಾಲ ಸೇರಿದರೆ ಸಾಕು, ಮಾತಿನ ಜವಾಬ್ದಾರಿ ಆಡಿದವನ ಹೆಗಲಿನಿಂದ ಇಳಿಯುತ್ತದೆ. ಹಳ್ಳಿಯ ಕಟ್ಟೆಯಲ್ಲಿ ಕುಳಿತವರಿಗೂ ಈ ವ್ಯತ್ಯಾಸ ಗೊತ್ತು. ‘ಅಂತೆ ಕಂತೆ’ ಎಂಬ ಮಾತು ಹುಟ್ಟಿರುವುದೇ ಇದರಿಂದ.

ಇಂಥ ಸೌಲಭ್ಯ ಕನ್ನಡಕ್ಕೆ ಮಾತ್ರ ಇರುವಂಥದ್ದಲ್ಲ. ತುರ್ಕಿ ಭಾಷೆಯಲ್ಲಿ ಕ್ರಿಯಾಪದಕ್ಕೆ ‘ಮಿಶ್’ ಎಂಬ ಪ್ರತ್ಯಯ ಸೇರಿದರೆ ಅದು ಕಣ್ಣಾರೆ ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು ಅಥವಾ ಊಹಿಸಿದ್ದು ಎಂದು ಅರ್ಥವಾಗುತ್ತದೆ. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಲ್ಲಿ ‘ಸಿ’ ಎಂಬ ಪ್ರತ್ಯಯ ಇದೇ ಕೆಲಸ ಮಾಡುತ್ತದೆ. ಅಮೆಜಾನ್ ಕಾಡಿನ ತರಿಯಾನಾ ಭಾಷೆಯಲ್ಲಂತೂ ಕಣ್ಣಿನಿಂದ ಕಂಡದ್ದಕ್ಕೆ, ಕಿವಿ ಮೂಗುಗಳಿಂದ ಅರಿತದ್ದಕ್ಕೆ, ಕುರುಹು ನೋಡಿ ಊಹಿಸಿದ್ದಕ್ಕೆ, ಲೋಕಜ್ಞಾನದಿಂದ ಅಂದಾಜಿಸಿದ್ದಕ್ಕೆ, ಇನ್ನೊಬ್ಬರಿಂದ ಕೇಳಿದ್ದಕ್ಕೆ ಬೇರೆ ಬೇರೆ ರೂಪಗಳೇ ಇವೆ. ಯಾವುದೋ ಒಂದನ್ನು ಆರಿಸಿಕೊಳ್ಳದೆ ವಾಕ್ಯ ಮುಗಿಸುವಂತಿಲ್ಲ. ಈ ವಿಷಯದ ಮೇಲೆ ೨೦೦೪ರಲ್ಲಿ ದೊಡ್ಡ ಗ್ರಂಥ ಬರೆದ ಭಾಷಾವಿಜ್ಞಾನಿ ಅಲೆಕ್ಸಾಂಡ್ರಾ ಐಖೆನ್‌ವಾಲ್ಡ್ ಅವರ ಅಂದಾಜಿನಂತೆ ಜಗತ್ತಿನ ಸುಮಾರು ಕಾಲು ಭಾಗದಷ್ಟು ಭಾಷೆಗಳ ವ್ಯಾಕರಣದಲ್ಲಿ ‘ಈ ಸಂಗತಿ ನನಗೆ ಹೇಗೆ ಗೊತ್ತಾಯಿತು’ ಎಂಬುದನ್ನು ತಿಳಿಸುವ ಏರ್ಪಾಡು ಒಂದಲ್ಲ ಒಂದು ರೀತಿಯಲ್ಲಿದೆ.

ಅಮೆರಿಕದ ಮೂಲನಿವಾಸಿಗಳ ಭಾಷೆಗಳನ್ನು ಅಭ್ಯಸಿಸಿದ ಹೆಸರಾಂತ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಇಂಥ ಪ್ರತ್ಯಯಗಳನ್ನು ಕಂಡು ಒಂದು ಮಾತು ಹೇಳಿದ್ದರು. ವರದಿ ಸ್ವಂತ ಅನುಭವದ್ದೋ, ಊಹೆಯದೋ, ಕೇಳಿದ ಮಾತೋ ಎಂದು ಹೇಳಲೇಬೇಕೆಂಬ ಕಟ್ಟುಪಾಡು ಇಂಗ್ಲಿಷಿನಲ್ಲಿದ್ದಿದ್ದರೆ ಪತ್ರಿಕೆಗಳನ್ನು ಇನ್ನೂ ಹೆಚ್ಚು ನೆಮ್ಮದಿಯಿಂದ ಓದಬಹುದಿತ್ತು ಎಂಬುದು ಅವರ ಮಾತಿನ ತಾತ್ಪರ್ಯ. ಪತ್ರಿಕೆಯವರಾದ ನಾವು ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ಆದರೆ ಮಾತಿನಲ್ಲಿ ಹುರುಳಿದೆ.

‘ಮ್ಯಾನ್’ ಹೋಗಿ ಕರ್ಮಣಿ ಬಂತು

ಹಾಗೆಂದು ಇಂಗ್ಲಿಷರು ಗಾಳಿಮಾತನ್ನು ಗುರುತಿಸದೆ ಇದ್ದರೆಂದಲ್ಲ. ಆ ಭಾಷೆಯ ಅತ್ಯಂತ ಹಳೆಯ ಮಹಾಕಾವ್ಯ ‘ಬೇವುಲ್ಫ್’ ಆರಂಭವಾಗುವುದೇ ಡೆನ್ಮಾರ್ಕಿನ ಹಿಂದಿನ ದೊರೆಗಳ ಕೀರ್ತಿಯನ್ನು ನಾವು ಕೇಳಿ ಬಲ್ಲೆವು ಎಂಬ ಮಾತಿನಿಂದ. ಕವಿ ತಾನು ಕಂಡವನಲ್ಲ, ಕೇಳಿದವನು ಎಂದು ಮೊದಲೇ ಹೇಳಿಬಿಡುತ್ತಾನೆ. ಅಲ್ಲಿ ಕರ್ಮಣಿಯಿಲ್ಲ, ‘ನಾವು ಕೇಳಿದ್ದೇವೆ’ ಎಂಬ ನೇರ ಮಾತಿದೆ.

ಹಳೆಯ ಇಂಗ್ಲಿಷಿನಲ್ಲಿ ಇನ್ನೆರಡು ಉಪಾಯಗಳಿದ್ದವು. ಒಂದು, ‘ಮ್ಯಾನ್’ ಎಂಬ ಸರ್ವನಾಮ. ಅದು ಗಂಡಸು ಎಂಬ ಅರ್ಥದ್ದಲ್ಲ. ‘ಜನ’, ‘ಯಾರೋ’ ಎಂಬ ಅರ್ಥದ್ದು. ಜರ್ಮನ್ ಭಾಷೆಯಲ್ಲಿ ಇಂದಿಗೂ ‘ಮಾನ್ ಜಾಗ್ಟ್’ ಎಂದರೆ ‘ಜನ ಹೇಳುತ್ತಾರೆ’ ಎಂದೇ ಅರ್ಥ. ಎರಡನೆಯದು, ಇಂದಿನ ‘ಶುಡ್’ ಎಂಬ ಸಹಾಯಕ ಕ್ರಿಯಾಪದದ ಪೂರ್ವರೂಪ. ಒಂಬತ್ತನೇ ಶತಮಾನದ ದೊರೆ ಆಲ್ಫ್ರೆಡ್‌ನ ಹೆಸರಿನಲ್ಲಿ ಬಂದಿರುವ ಬೋಯಿಥಿಯಸ್‌ನ ಅನುವಾದದಲ್ಲಿ ಗ್ರೀಕರ ಆರ್ಫಿಯಸ್‌ನ ಕಥೆ ಬರುತ್ತದೆ. ಅಲ್ಲಿ ಆ ಕ್ರಿಯಾಪದ ‘ಅಂತೆ’ಯ ಕೆಲಸ ಮಾಡುತ್ತದೆ. ವೀಣೆಗಾರನ ಹೆಂಡತಿ ಸತ್ತಳಂತೆ, ಅವನು ಪಾತಾಳಕ್ಕೆ ಹೋದನಂತೆ ಎನ್ನುವ ಧಾಟಿ. ಕ್ರೈಸ್ತ ಅನುವಾದಕನಿಗೆ ಅನ್ಯಮತದ ಕಥೆ ಹೇಳಬೇಕಿತ್ತು. ಆದರೆ ಅದಕ್ಕೆ ತಾನು ಸಾಕ್ಷಿಯಾಗಲು ಇಷ್ಟವಿರಲಿಲ್ಲ.

ಕಾಲಕ್ರಮದಲ್ಲಿ ಈ ಎರಡೂ ಸವೆದುಹೋದವು. ‘ಮ್ಯಾನ್’ ಎಂಬ ಸರ್ವನಾಮ ೧೫ನೇ ಶತಮಾನದ ಹೊತ್ತಿಗೆ ಬಳಕೆ ತಪ್ಪಿತು. ‘ಶುಡ್’ ಬೇರೆ ಅರ್ಥಗಳತ್ತ ಸರಿಯಿತು. ಖಾಲಿಯಾದ ಜಾಗಕ್ಕೆ ಬಂದು ಕುಳಿತದ್ದು ಕರ್ಮಣಿ ಪ್ರಯೋಗ. ಇದಕ್ಕೆ ಲ್ಯಾಟಿನ್ ಭಾಷೆಯ ಬೆಂಬಲವೂ ಇತ್ತು. ಲ್ಯಾಟಿನ್ ಲೇಖಕರು ‘ಡಿಕಿಟುರ್’ ಎಂದರೆ ‘ಹೇಳಲ್ಪಡುತ್ತಾನೆ’, ‘ಫೆರ್ಟುರ್’ ಎಂದರೆ ‘ಹಾಗೆಂದು ಹಬ್ಬಿದೆ’ ಎಂಬ ರೂಪಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಲ್ಯಾಟಿನ್ ಓದಿ ಬೆಳೆದ ಇಂಗ್ಲಿಷ್ ಲೇಖಕರಿಗೆ ಅದರ ಅಚ್ಚು ಕೈಗೆ ಹತ್ತಿತು.

ಇಲ್ಲೊಂದು ಸ್ವಾರಸ್ಯವಿದೆ. ‘ಹಿ ಈಸ್ ಸೆಡ್ ಟು ಬಿ ರಿಚ್’ ಎಂಬುದು ಸರಿಯಾದ ಇಂಗ್ಲಿಷ್. ಇದನ್ನೇ ಶಾಲೆಯಲ್ಲಿ ಕಲಿಸಿದಂತೆ ಕರ್ತರಿಗೆ ತಿರುಗಿಸಿ ‘ದೇ ಸೇ ಹಿಮ್ ಟು ಬಿ ರಿಚ್’ ಎಂದರೆ ಇಂಗ್ಲಿಷ್ ಮೇಷ್ಟರು ಕೆಂಪು ಶಾಯಿ ಎಳೆಯುತ್ತಾರೆ. ‘ಹಿ ಈಸ್ ರೂಮರ್ಡ್ ಟು’ ಎಂಬುದು ಇನ್ನೂ ವಿಚಿತ್ರ. ‘ರೂಮರ್’ ಎಂಬ ಕ್ರಿಯಾಪದಕ್ಕೆ ಇಂದಿನ ಬಳಕೆಯಲ್ಲಿ ಕರ್ತರಿ ರೂಪವೇ ಉಳಿದಿಲ್ಲ. ‘ನಾನು ವದಂತಿ ಹಬ್ಬಿಸಿದೆ’ ಎನ್ನಲು ಆ ಕ್ರಿಯಾಪದ ಒದಗುವುದಿಲ್ಲ. ವದಂತಿಗೆ ಒಡೆಯನೇ ಇಲ್ಲವೆಂದು ಇಂಗ್ಲಿಷ್ ವ್ಯಾಕರಣವೇ ಒಪ್ಪಿಕೊಂಡಂತಾಯಿತು!

ಕಡ್ಡಿಯ ಮನೆಯಲ್ಲಿ ಸುದ್ದಿಗಳ ಸಂತೆ

ವ್ಯಾಕರಣ ಒಪ್ಪಿಕೊಂಡರೂ ರಾಜರು ಒಪ್ಪಬೇಕಲ್ಲ. ೧೨೭೫ರಲ್ಲಿ ಮೊದಲನೇ ಎಡ್ವರ್ಡ್ ದೊರೆಯ ಕಾಲದಲ್ಲಿ ವೆಸ್ಟ್‌ಮಿನ್‌ಸ್ಟರ್ ಶಾಸನ ಜಾರಿಗೆ ಬಂತು. ಅದರ ಒಂದು ವಿಧಿ ಸುಳ್ಳು ಸುದ್ದಿಯ ಬಗೆಗಿನದು. ದೊರೆ ಮತ್ತು ಪ್ರಜೆಗಳ ನಡುವೆ ಅಥವಾ ದೊರೆ ಮತ್ತು ರಾಜ್ಯದ ಗಣ್ಯರ ನಡುವೆ ವೈಮನಸ್ಯ ತರುವ ಸುಳ್ಳು ಸುದ್ದಿ ಹೇಳಿದವನನ್ನು ಹಿಡಿದು ಸೆರೆಮನೆಗೆ ಹಾಕಬೇಕು. ಎಲ್ಲಿಯವರೆಗೆ? ಆ ಮಾತನ್ನು ಮೊದಲು ಆಡಿದವನನ್ನು ಅವನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸುವವರೆಗೆ!

ಈ ಶಿಕ್ಷೆಯ ತರ್ಕವನ್ನು ಗಮನಿಸಬೇಕು. ‘ಹಾಗೆಂದು ಹೇಳಲಾಗಿದೆ’ ಎಂದವನಿಗೆ ಕಾನೂನು ಕೇಳಿದ್ದು ಒಂದೇ ಪ್ರಶ್ನೆ: ಯಾರು ಹೇಳಿದರು? ಹೆಸರು ಹೇಳು, ಹೊರಗೆ ಹೋಗು. ಇಲ್ಲವಾದರೆ ಒಳಗಿರು. ಆಳುವವರ ಮಾನ ಕಾಪಾಡಲೆಂದೇ ಹುಟ್ಟಿದ ಕಠೋರ ಕಾನೂನು ಅದು ಎಂಬುದು ನಿಜ. ಆದರೆ ಕಾಣೆಯಾದ ಕರ್ತೃವನ್ನು ಹುಡುಕುವ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ನೂರು ವರ್ಷಗಳ ನಂತರ ಕವಿ ಜೆಫ್ರಿ ಚಾಸರ್ ಇದೇ ವಿಷಯವನ್ನು ನಗುತ್ತಾ ನೋಡಿದ. ಅವನ ‘ಹೌಸ್ ಆಫ್ ಫೇಮ್’ ಕಾವ್ಯದಲ್ಲಿ ವದಂತಿಗೆಂದೇ ಒಂದು ಮನೆಯಿದೆ. ಕಡ್ಡಿಗಳಿಂದ ಹೆಣೆದ ಆ ಮನೆಯ ಉದ್ದ ೬೦ ಮೈಲಿ. ಅದು ಗರಗರ ತಿರುಗುತ್ತಲೇ ಇರುತ್ತದೆ. ಅದಕ್ಕೆ ಲೆಕ್ಕವಿಲ್ಲದಷ್ಟು ಕಿಂಡಿಗಳು. ಒಳಗೆ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಬಾಯಿಂದ ಬಾಯಿಗೆ ಹೋಗುವಾಗ ಸುದ್ದಿ ಉಬ್ಬುತ್ತಾ ಹೋಗುತ್ತದೆ. ಕೊನೆಗೆ ಒಂದು ಸುಳ್ಳು ಮತ್ತು ಒಂದು ನಿಜ ಒಂದೇ ಕಿಂಡಿಯಿಂದ ಹೊರಬೀಳಲು ಹೋಗಿ ಸಿಕ್ಕಿಕೊಳ್ಳುತ್ತವೆ. ಜಗಳವಾಡಿ ಪ್ರಯೋಜನವಿಲ್ಲವೆಂದು ಇಬ್ಬರೂ ಅಣ್ಣತಮ್ಮಂದಿರಂತೆ ಬೆರೆತು ಒಟ್ಟಿಗೇ ಹಾರಿಹೋಗುತ್ತವೆ. ಇನ್ನು ಮುಂದೆ ಯಾರೂ ಅವನ್ನು ಬೇರ್ಪಡಿಸಲಾರರು. ಸುದ್ದಿಯ ಸ್ವಭಾವದ ಬಗ್ಗೆ ಇದಕ್ಕಿಂತ ಚೆನ್ನಾದ ಚಿತ್ರ ಸಿಗುವುದು ಕಷ್ಟ.

ಶೇಕ್ಸ್‌ಪಿಯರನಂತೂ ‘ನಾಲ್ಕನೇ ಹೆನ್ರಿ’ ನಾಟಕದ ಎರಡನೇ ಭಾಗದಲ್ಲಿ ವದಂತಿಯನ್ನೇ ಒಂದು ಪಾತ್ರವಾಗಿ ರಂಗಕ್ಕೆ ತಂದ. ಅದರ ಉಡುಪಿನ ತುಂಬ ನಾಲಿಗೆಗಳ ಚಿತ್ರ. ‘ಹ್ಯಾಮ್ಲೆಟ್’ ನಾಟಕದಲ್ಲಿ ದೊರೆ ಹಾವು ಕಚ್ಚಿ ಸತ್ತನೆಂದು ಇಡೀ ದೇಶಕ್ಕೆ ಸಾರಲಾಗಿರುತ್ತದೆ. ಸಾರಿದವರು ಯಾರು ಎಂಬುದು ಪ್ರೇತ ಬಂದು ಬಾಯಿಬಿಟ್ಟಾಗಲೇ ತಿಳಿಯುವುದು.

ಲಿಸ್ಬನ್ ಪೇಟೆಯ ಮಾತು

೧೬೦೩ರ ನವೆಂಬರ್ ೧೭ರಂದು ವಿಂಚೆಸ್ಟರ್ ಪಟ್ಟಣದಲ್ಲಿ ಒಂದು ವಿಚಾರಣೆ ನಡೆಯಿತು. ಆರೋಪಿಯ ಸ್ಥಾನದಲ್ಲಿದ್ದವನು ಸರ್ ವಾಲ್ಟರ್ ರಾಲಿ. ಕವಿ, ನಾವಿಕ, ಎಲಿಜಬೆತ್ ರಾಣಿಯ ಕಾಲದಲ್ಲಿ ಮೆರೆದವನು. ಹೊಸ ದೊರೆ ಜೇಮ್ಸ್‌ನ ವಿರುದ್ಧ ಪಿತೂರಿ ನಡೆಸಿದನೆಂಬುದು ಅವನ ಮೇಲಿನ ಆರೋಪ. ಸರ್ಕಾರದ ಪರ ವಾದಿಸಿದವನು ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್.

ಮುಖ್ಯ ಸಾಕ್ಷ್ಯವೆಂದರೆ ಲಾರ್ಡ್ ಕೋಬಮ್ ಎಂಬಾತ ಸೆರೆಯಲ್ಲಿದ್ದಾಗ ಕೊಟ್ಟಿದ್ದ ಹೇಳಿಕೆ. ಅದನ್ನು ಕೋರ್ಟಿನಲ್ಲಿ ಓದಲಾಯಿತು. ಕೋಬಮ್‌ನನ್ನೇ ಕರೆಸಿ, ನನ್ನ ಮುಖ ನೋಡಿ ಅವನು ಇದನ್ನು ಹೇಳಲಿ ಎಂದು ರಾಲಿ ಮತ್ತೆ ಮತ್ತೆ ಕೇಳಿಕೊಂಡ. ನ್ಯಾಯಾಧೀಶರು ಒಪ್ಪಲಿಲ್ಲ. ಇನ್ನೊಬ್ಬ ಸಾಕ್ಷಿಯಾಗಿ ಬಂದವನು ಡೈಯರ್ ಎಂಬ ಹಡಗಿನ ಚಾಲಕ. ಅವನು ಹೇಳಿದ್ದಿಷ್ಟು: ತಾನು ಲಿಸ್ಬನ್ನಿಗೆ ಹೋಗಿದ್ದಾಗ ಒಬ್ಬ ಪೋರ್ಚುಗೀಸ್ ಗೃಹಸ್ಥ ಸಿಕ್ಕಿದ. ನಿಮ್ಮ ಹೊಸ ದೊರೆಗೆ ಪಟ್ಟವಾಗುವುದೇ ಇಲ್ಲ, ಅದಕ್ಕೆ ಮೊದಲೇ ರಾಲಿ ಮತ್ತು ಕೋಬಮ್ ಅವನ ಕತ್ತು ಕೊಯ್ಯುತ್ತಾರೆ ಎಂದು ಆತ ಹೇಳಿದ. ಆ ಪೋರ್ಚುಗೀಸನ ಹೆಸರೇನು, ಅವನಿಗೆ ಯಾರು ಹೇಳಿದರು ಎಂಬುದು ಯಾರಿಗೂ ಗೊತ್ತಿಲ್ಲ. ಶುದ್ಧ ‘ಅಂತೆ’.

ರಾಲಿಗೆ ಮರಣದಂಡನೆ ವಿಧಿಸಲಾಯಿತು. ತಕ್ಷಣ ಜಾರಿಯಾಗಲಿಲ್ಲ, ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಲಂಡನ್ ಗೋಪುರದಲ್ಲಿ ಸೆರೆಯಲ್ಲಿದ್ದ. ಹೊರಬಂದು ದಕ್ಷಿಣ ಅಮೆರಿಕಕ್ಕೆ ಚಿನ್ನ ಹುಡುಕಲು ಹೋಗಿ ಬರಿಗೈಲಿ ಮರಳಿದ ಮೇಲೆ, ೧೬೧೮ರ ಅಕ್ಟೋಬರ್ ೨೯ರಂದು ಅದೇ ಹಳೆಯ ತೀರ್ಪಿನ ಆಧಾರದ ಮೇಲೆ ಅವನ ತಲೆ ಕಡಿಯಲಾಯಿತು.

ಆ ವಿಚಾರಣೆಯ ಕಹಿ ನೆನಪು ಇಂಗ್ಲಿಷ್ ಕಾನೂನಿನಿಂದ ಮಾಸಲಿಲ್ಲ. ಕೇಳಿದ ಮಾತನ್ನು ಸಾಕ್ಷ್ಯವೆಂದು ಒಪ್ಪಬಾರದೆಂಬ ನಿಯಮ ಮುಂದಿನ ಎರಡು ಶತಮಾನಗಳಲ್ಲಿ ಗಟ್ಟಿಯಾಯಿತು. ಅಮೆರಿಕ ಸಂವಿಧಾನಕ್ಕೆ ೧೭೯೧ರಲ್ಲಿ ಸೇರಿದ ಆರನೇ ತಿದ್ದುಪಡಿ, ಆರೋಪಿಗೆ ತನ್ನ ವಿರುದ್ಧದ ಸಾಕ್ಷಿಗಳನ್ನು ಎದುರುಬದುರು ಕಾಣುವ ಹಕ್ಕು ಕೊಟ್ಟಿತು. ೨೦೦೪ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕ್ರಾಫರ್ಡ್ ಮೊಕದ್ದಮೆಯಲ್ಲಿ ಈ ಹಕ್ಕನ್ನು ಬಲಪಡಿಸುವಾಗ ರಾಲಿಯ ವಿಚಾರಣೆಯನ್ನು ನೆನಪಿಸಿಕೊಂಡಿತು. ನಾಲ್ಕು ಶತಮಾನಗಳ ನಂತರ!

ಇದೇ ನಿಯಮ ಭಾರತಕ್ಕೂ ಬಂತು. ವೈಸರಾಯ್ ಮಂಡಳಿಯ ಕಾನೂನು ಸದಸ್ಯನಾಗಿದ್ದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರೂಪಿಸಿದ ೧೮೭೨ರ ಭಾರತೀಯ ಸಾಕ್ಷ್ಯ ಅಧಿನಿಯಮದ ೬೦ನೇ ಕಲಮಿನ ಪ್ರಕಾರ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ನೋಡಬಹುದಾದ ಸಂಗತಿಯನ್ನು ನೋಡಿದವನೇ ಹೇಳಬೇಕು, ಕೇಳಬಹುದಾದದ್ದನ್ನು ಕೇಳಿಸಿಕೊಂಡವನೇ ಹೇಳಬೇಕು. ೨೦೨೪ರ ಜುಲೈ ೧ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ೨೦೨೩ ಬಂದಿದ್ದರೂ ಈ ತತ್ತ್ವ ಹಾಗೆಯೇ ಉಳಿದಿದೆ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ‘ನೀನು ಕಣ್ಣಾರೆ ನೋಡಿದೆಯಾ?’ ಎಂದು ವಕೀಲರು ಸಾಕ್ಷಿಯನ್ನು ಗದರಿಸುವುದರ ಹಿಂದೆ ಇಷ್ಟೆಲ್ಲ ಇತಿಹಾಸವಿದೆ.

ಕಾಫಿ ಮನೆಯಿಂದ ಪತ್ರಿಕೆಗೆ

ನ್ಯಾಯಾಲಯ ಬಾಗಿಲು ಹಾಕಿದರೇನು, ಗಾಳಿಮಾತಿಗೆ ಬೇರೆ ಮನೆಗಳಿದ್ದವು. ೧೬೫೦ರ ದಶಕದಲ್ಲಿ ಲಂಡನ್ನಿಗೆ ಕಾಲಿಟ್ಟ ಕಾಫಿ ಹೌಸುಗಳು ಕೆಲವೇ ವರ್ಷಗಳಲ್ಲಿ ಸುದ್ದಿಯ ಅಡ್ಡೆಗಳಾದವು. ಸುಳ್ಳು ವರದಿಗಳನ್ನು ಹಬ್ಬಿಸುತ್ತವೆಂದು ಎರಡನೇ ಚಾರ್ಲ್ಸ್ ದೊರೆ ೧೬೭೫ರ ಡಿಸೆಂಬರ್ ೨೯ರಂದು ಅವುಗಳನ್ನು ಮುಚ್ಚಿಸಲು ಫರ್ಮಾನು ಹೊರಡಿಸಿದ. ಜನರ ವಿರೋಧ ಎಷ್ಟಿತ್ತೆಂದರೆ, ಜಾರಿಗೆ ಬರಬೇಕಿದ್ದ ಜನವರಿ ೧೦ಕ್ಕೆ ಮೊದಲೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

೧೭೦೨ರ ಮಾರ್ಚ್ ೧೧ರಂದು ಲಂಡನ್ನಿನ ಮೊದಲ ದಿನಪತ್ರಿಕೆ ‘ಡೈಲಿ ಕೊರಾಂಟ್’ ಹೊರಬಂತು. ಒಂದೇ ಹಾಳೆಯ ಪತ್ರಿಕೆ. ಯಾವ ಸುದ್ದಿಯನ್ನು ಯಾವ ವಿದೇಶಿ ಪತ್ರಿಕೆಯಿಂದ ತೆಗೆದುಕೊಂಡಿದ್ದೇವೆಂದು ಹೇಳುತ್ತೇವೆ, ನಮ್ಮ ಟೀಕೆ ಸೇರಿಸುವುದಿಲ್ಲ, ಓದುಗರಿಗೂ ಬುದ್ಧಿಯಿದೆ ಎಂಬುದು ಅದರ ನಿಲುವು. ಆದರೆ ಪೈಪೋಟಿ ಬೆಳೆದಂತೆ ಈ ಶಿಸ್ತು ಸಡಿಲವಾಯಿತು. ‘ವಿ ಹಿಯರ್’, ‘ಇಟ್ ಈಸ್ ಸೆಡ್’ ಎಂದು ಆರಂಭವಾಗುವ ಚುಟುಕು ಸುದ್ದಿಗಳು ೧೮ನೇ ಶತಮಾನದ ಪತ್ರಿಕೆಗಳಲ್ಲಿ ತುಂಬಿಕೊಂಡವು. ರಿಚರ್ಡ್ ಶೆರಿಡನ್‌ನ ‘ದ ಸ್ಕೂಲ್ ಫಾರ್ ಸ್ಕ್ಯಾಂಡಲ್’ ನಾಟಕ ೧೭೭೭ರಲ್ಲಿ ರಂಗವೇರಿದಾಗ ತೆರೆ ಏಳುವುದೇ ಒಬ್ಬ ಶ್ರೀಮಂತ ಮಹಿಳೆ ತಾನು ಹೇಳಿದ ಚುಟುಕುಗಳು ಪತ್ರಿಕೆಗೆ ಹೋದವೇ ಎಂದು ಆಳನ್ನು ವಿಚಾರಿಸುವುದರೊಂದಿಗೆ. ಅದೇ ನಾಟಕದ ಕೊನೆಯಲ್ಲಿ ನಡೆಯದೇ ಇದ್ದ ಒಂದು ದ್ವಂದ್ವಯುದ್ಧದ ಸುದ್ದಿ ಬರುತ್ತದೆ. ಕತ್ತಿಯಲ್ಲಿ ಹೋರಾಡಿದರೆಂದು ಒಬ್ಬ, ಪಿಸ್ತೂಲಿನಲ್ಲೆಂದು ಇನ್ನೊಬ್ಬ. ಗುಂಡು ಬೆಂಕಿಗೂಡಿನ ಮೇಲಿದ್ದ ಶೇಕ್ಸ್‌ಪಿಯರನ ಕಂಚಿನ ಬೊಂಬೆಗೆ ತಗುಲಿ, ಕಿಟಕಿಯಿಂದ ಹೊರಹಾರಿ, ಆಗತಾನೆ ಬಾಗಿಲಿಗೆ ಬಂದಿದ್ದ ಅಂಚೆಯವನಿಗೆ ಗಾಯ ಮಾಡಿತೆಂಬ ವಿವರವೂ ಸೇರಿಕೊಳ್ಳುತ್ತದೆ. ಸುಳ್ಳು ಹೆಚ್ಚಿದಷ್ಟೂ ವಿವರ ಹೆಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಮುನ್ನುಡಿ ಕಾಪಾಡುವುದಿಲ್ಲ

೧೯ನೇ ಶತಮಾನದಲ್ಲಿ ಪತ್ರಿಕೆಗಳ ಶಕ್ತಿ ಹೆಚ್ಚಿದಂತೆ ಮಾನನಷ್ಟದ ಕಾನೂನೂ ಚುರುಕಾಯಿತು. ಮಾನಹಾನಿಯ ಬರಹವನ್ನು ಪ್ರಕಟಿಸಿದವನು ಅದರ ಮೂಲ ಯಾರೆಂದು ಹೆಸರಿಸಿದ ಮಾತ್ರಕ್ಕೆ ಪಾರಾಗಲಾರ ಎಂದು ೧೮೨೯ರಲ್ಲಿ ಒಂದು ಇಂಗ್ಲಿಷ್ ನ್ಯಾಯಾಲಯ ತೀರ್ಪಿತ್ತಿತು. ೧೯೬೩ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ಲಾರ್ಡ್ ಡೆವ್ಲಿನ್ ಇದನ್ನು ಇನ್ನೂ ಬಿಡಿಸಿ ಹೇಳಿದರು. ‘ನನಗೆ ಹೇಳಿದ್ದಾರೆ’, ‘ವದಂತಿಯಿದೆ’ ಎಂಬ ಮುನ್ನುಡಿಯ ಹಿಂದೆ ಮಾನಹಾನಿಯ ಮಾತನ್ನು ಅಡಗಿಸಿ ತಪ್ಪಿಸಿಕೊಳ್ಳುವಂತಿಲ್ಲ. ಈ ಕಾನೂನಿನ ದೃಷ್ಟಿಯಲ್ಲಿ ಕೇಳಿ ಹೇಳಿದ್ದೂ ನೇರವಾಗಿ ಹೇಳಿದ್ದೂ ಒಂದೇ ಎಂಬುದು ಅದರ ಸಾರ.

ಇಷ್ಟಾದರೂ ‘ಅಲೆಜೆಡ್ಲಿ’ ಎಂದು ಸೇರಿಸಿದರೆ ಸಾಕು, ಏನು ಬೇಕಾದರೂ ಬರೆಯಬಹುದೆಂಬ ನಂಬಿಕೆ ಎಷ್ಟೋ ಜನರಲ್ಲಿದೆ. ವಾಸ್ತವವಾಗಿ ಈ ನುಡಿಗಟ್ಟುಗಳಿಗೆ ಒಂದೊಂದಕ್ಕೂ ತನ್ನದೇ ತೂಕವಿದೆ. ‘ಅಲೆಜ್ಡ್’ ಎಂದರೆ ಆರೋಪ ಮಾಡಿದವರಿದ್ದಾರೆ, ರುಜುವಾತಾಗಿಲ್ಲ. ‘ರಿಪೋರ್ಟೆಡ್’ ಎಂದರೆ ಬೇರೆಡೆ ವರದಿಯಾಗಿದೆ, ನಾವು ಪರಿಶೀಲಿಸಿಲ್ಲ. ‘ಬಿಲೀವ್ಡ್’ ಎಂದರೆ ಬಲ್ಲವರ ಅಂದಾಜು. ‘ರೂಮರ್ಡ್’ ಎಂದರೆ ಬುಡವೇ ಗೊತ್ತಿಲ್ಲ. ಬ್ರಿಟಿಷ್ ಸಂಸತ್ತಿನ ವರದಿಗಾರರು ಬಳಸುವ ‘ಇಟ್ ಈಸ್ ಅಂಡರ್‌ಸ್ಟುಡ್’ ಮಾತ್ರ ಬೇರೆ ಜಾತಿಯದು. ಅಲ್ಲಿ ವರದಿಗಾರನಿಗೆ ಹೇಳಿದವರು ಯಾರೆಂದು ಚೆನ್ನಾಗಿ ಗೊತ್ತು. ಬಹಳ ಸಲ ಮಂತ್ರಿಯೇ ಹೇಳಿರುತ್ತಾರೆ. ಆದರೆ ಹೆಸರು ಹೇಳುವುದಿಲ್ಲವೆಂದು ಒಪ್ಪಂದವಾಗಿರುತ್ತದೆ. ಒಂದೇ ಬಗೆಯ ವಾಕ್ಯ. ಒಂದರಲ್ಲಿ ಮೂಲ ಗೊತ್ತಿಲ್ಲ, ಇನ್ನೊಂದರಲ್ಲಿ ಗೊತ್ತಿದ್ದೂ ಮುಚ್ಚಿಟ್ಟಿದೆ. ಓದುಗನಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಈ ತೂಕ ತಪ್ಪಿದರೆ ಏನಾಗುತ್ತದೆ? ೨೦೧೦ರ ಡಿಸೆಂಬರಿನಲ್ಲಿ ಬ್ರಿಸ್ಟಲ್ ನಗರದಲ್ಲಿ ಒಬ್ಬ ಯುವತಿಯ ಕೊಲೆಯಾಯಿತು. ಪೊಲೀಸರು ಆಕೆಯ ಮನೆಯ ಮಾಲೀಕರನ್ನು ಬಂಧಿಸಿದರು. ಅವರೊಬ್ಬ ನಿವೃತ್ತ ಇಂಗ್ಲಿಷ್ ಅಧ್ಯಾಪಕರು. ಮುಂದಿನ ಕೆಲವು ದಿನ ಪತ್ರಿಕೆಗಳು ಅವರ ತಲೆಗೂದಲಿನಿಂದ ಹಿಡಿದು ಓದುವ ಪುಸ್ತಕಗಳವರೆಗೆ ಎಲ್ಲವನ್ನೂ ಅನುಮಾನದ ಕಣ್ಣಿನಿಂದ ಬಣ್ಣಿಸಿದವು. ಯಾರೋ ಹೀಗೆಂದರು, ಯಾರಿಗೋ ಹಾಗನ್ನಿಸಿತ್ತು. ಅವರ ಮೇಲೆ ಯಾವ ದೋಷಾರೋಪವೂ ದಾಖಲಾಗಲಿಲ್ಲ. ಕೊಲೆಗಾರ ಬೇರೆಯವನೆಂದು ೨೦೧೧ರ ಅಕ್ಟೋಬರಿನಲ್ಲಿ ನ್ಯಾಯಾಲಯ ತೀರ್ಮಾನಿಸಿತು. ಅಷ್ಟರೊಳಗೆ, ಜುಲೈನಲ್ಲಿ, ಎಂಟು ಪತ್ರಿಕೆಗಳು ಆ ಅಧ್ಯಾಪಕರಿಗೆ ಪರಿಹಾರ ಕೊಟ್ಟು ಕ್ಷಮೆ ಕೇಳಿದ್ದವು. ನ್ಯಾಯಾಂಗ ನಿಂದನೆಗಾಗಿ ‘ಡೈಲಿ ಮಿರರ್’ಗೆ ೫೦ ಸಾವಿರ ಪೌಂಡ್, ‘ದ ಸನ್’ಗೆ ೧೮ ಸಾವಿರ ಪೌಂಡ್ ದಂಡ ಬಿತ್ತು. ಜೀವನವಿಡೀ ಇಂಗ್ಲಿಷ್ ಕಲಿಸಿದ ಮೇಷ್ಟರೇ ಆ ಭಾಷೆಯ ಗಾಳಿಮಾತಿಗೆ ಗುರಿಯಾಗಿದ್ದರು.

ಹದಿನಾರು ಪದಗಳು

೨೦೦೩ರ ಜನವರಿ ೨೮ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಸಂಸತ್ತಿನಲ್ಲಿ ಮಾಡಿದ ಭಾಷಣದಲ್ಲಿ ಹದಿನಾರು ಪದಗಳ ಒಂದು ವಾಕ್ಯವಿತ್ತು. ಇರಾಕಿನ ಸದ್ದಾಂ ಹುಸೇನ್ ಇತ್ತೀಚೆಗೆ ಆಫ್ರಿಕಾದಿಂದ ಭಾರಿ ಪ್ರಮಾಣದ ಯುರೇನಿಯಂ ಪಡೆಯಲು ಯತ್ನಿಸಿದ್ದು ಬ್ರಿಟಿಷ್ ಸರ್ಕಾರಕ್ಕೆ ತಿಳಿದುಬಂದಿದೆ ಎಂಬುದು ಅದರ ಭಾವ. ಇದೂ ಕೇಳಿದ ಮಾತೇ. ಆದರೆ ಇಲ್ಲಿ ಕರ್ಮಣಿಯಿಲ್ಲ. ಕರ್ತೃಪದ ನೇರವಾಗಿದೆ: ಬ್ರಿಟಿಷ್ ಸರ್ಕಾರ. ಕ್ರಿಯಾಪದ ಮಾತ್ರ ನಾಜೂಕಿನದು. ‘ಹೇಳುತ್ತದೆ’ ಅಲ್ಲ, ‘ನಂಬುತ್ತದೆ’ ಅಲ್ಲ, ‘ಲರ್ನ್ಡ್’, ಅಂದರೆ ತಿಳಿದುಕೊಂಡಿದೆ. ಹೇಳಿದ್ದು ಸುಳ್ಳಾಗಬಹುದು, ನಂಬಿದ್ದು ಹುಸಿಯಾಗಬಹುದು. ‘ತಿಳಿದುಕೊಂಡಿದೆ’ ಎಂದಾಗ ಸಂಗತಿ ನಿಜವೆಂಬುದು ಅದರೊಳಗೇ ಸೇರಿಹೋಗುತ್ತದೆ.

ಮಾರ್ಚ್ ೭ರಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮೊಹಮದ್ ಎಲ್‌ಬರಾದಿ, ನೈಜರ್ ದೇಶದಿಂದ ಯುರೇನಿಯಂ ಕೊಳ್ಳುವ ಬಗೆಗಿನ ದಾಖಲೆಗಳು ಅಸಲಿಯಲ್ಲವೆಂದು ಭದ್ರತಾ ಮಂಡಳಿಗೆ ತಿಳಿಸಿದರು. ಮಾರ್ಚ್ ೨೦ರಂದು ಯುದ್ಧ ಆರಂಭವಾಯಿತು. ಆ ವಾಕ್ಯ ಭಾಷಣದಲ್ಲಿ ಇರಬಾರದಿತ್ತೆಂದು ಶ್ವೇತಭವನ ಒಪ್ಪಿಕೊಂಡದ್ದು ಜುಲೈನಲ್ಲಿ. ತನ್ನ ಬಳಿ ಬೇರೆ ಮೂಲಗಳ ಮಾಹಿತಿಯಿತ್ತೆಂದು ಬ್ರಿಟಿಷ್ ಸರ್ಕಾರ ವಾದಿಸುತ್ತಲೇ ಬಂತು. ಅದೇನೇ ಇರಲಿ, ಇರಾಕಿನಲ್ಲಿ ಅಣ್ವಸ್ತ್ರದ ಸಿದ್ಧತೆಯಾಗಲಿ, ಸಾಮೂಹಿಕ ನಾಶದ ಅಸ್ತ್ರಗಳ ದಾಸ್ತಾನಾಗಲಿ ಸಿಗಲಿಲ್ಲ. ೨೦೦೪ರ ಮೇ ೨೬ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ತನ್ನ ಹಿಂದಿನ ಇರಾಕ್ ವರದಿಗಳನ್ನು ವಿಮರ್ಶಿಸಿ, ದೇಶ ಬಿಟ್ಟು ಬಂದ ಇರಾಕಿಗಳ ಮಾತನ್ನು ಇನ್ನಷ್ಟು ಶೋಧಿಸಬೇಕಿತ್ತೆಂದು ಓದುಗರ ಮುಂದೆ ಒಪ್ಪಿಕೊಂಡಿತು.

ಕರ್ಮಣಿಯದೇ ತಪ್ಪೆ?

‘ಕರ್ತರಿ ಬಳಸಬಹುದಾದಲ್ಲಿ ಕರ್ಮಣಿ ಬೇಡ’ ಎಂಬ ಅರ್ಥದ ಉಪದೇಶವನ್ನು ಜಾರ್ಜ್ ಆರ್ವೆಲ್ ೧೯೪೬ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಕೊಟ್ಟಿದ್ದಾನೆ. ಪತ್ರಿಕೋದ್ಯಮದ ಡಿಪ್ಲೊಮಾ ತರಗತಿಗಳಲ್ಲಿ ನಮಗೂ ಇದನ್ನೇ ಹೇಳಿಕೊಟ್ಟರು. ಆದರೆ ಭಾಷಾವಿಜ್ಞಾನಿ ಜೆಫ್ರಿ ಪುಲ್ಲಮ್ ಅವರಂಥವರು ಈ ಉಪದೇಶವನ್ನು ಒಪ್ಪುವುದಿಲ್ಲ. ‘ಕೆಲವರು ಹೇಳುತ್ತಾರೆ’ ಎಂಬುದು ಅಪ್ಪಟ ಕರ್ತರಿ. ಅದರಲ್ಲಿ ಆ ಕೆಲವರು ಯಾರೆಂದು ತಿಳಿಯುತ್ತದೆಯೇ? ‘ಪೊಲೀಸರಿಂದ ಹೇಳಲಾಗಿದೆ’ ಎಂಬುದು ಕರ್ಮಣಿ. ಅದರಲ್ಲಿ ಹೇಳಿದವರು ಸ್ಪಷ್ಟವಾಗಿ ಕಾಣುತ್ತಾರೆ. ಬುಷ್ ಭಾಷಣದ ವಾಕ್ಯವಂತೂ ಕರ್ತರಿಯಲ್ಲೇ ಇತ್ತು. ಹೀಗಾಗಿ ದೋಷವನ್ನು ವ್ಯಾಕರಣದ ತಲೆಗೆ ಕಟ್ಟುವುದು ನ್ಯಾಯವಲ್ಲ.

‘ಇಟ್ ಈಸ್ ಸೆಡ್’ ಎಂಬ ಮಾತಿಗೆ ಎರಡು ಮುಖಗಳಿವೆ. ನಾನು ನೋಡಿಲ್ಲ, ಕೇಳಿದ್ದೇನೆ, ಅಷ್ಟರಮಟ್ಟಿಗೆ ನಂಬಿ ಎನ್ನುವುದು ಪ್ರಾಮಾಣಿಕ ಮುಖ. ನನಗೆ ಗೊತ್ತು, ಹೇಳುವುದಿಲ್ಲ, ಆದರೂ ನಂಬಿ ಎನ್ನುವುದು ಇನ್ನೊಂದು. ಸರ್ಕಾರಿ ನೌಕರನೊಬ್ಬ ಹಗರಣ ಬಯಲು ಮಾಡಿದಾಗ ಅವನ ಹೆಸರನ್ನು ಮುಚ್ಚಿಡುವುದು ಪತ್ರಿಕೆಯ ಧರ್ಮ. ಅಧಿಕಾರಸ್ಥನೊಬ್ಬ ಎದುರಾಳಿಯ ಮೇಲೆ ಕೆಸರೆರಚುವಾಗ ಅದೇ ಪರದೆ ಒದಗಿಸುವುದು ಧರ್ಮವಲ್ಲ. ವಾಕ್ಯ ಎರಡಕ್ಕೂ ಒಂದೇ. ವ್ಯತ್ಯಾಸವಿರುವುದು ಬರೆದವನು ಎಷ್ಟು ದೂರ ವಿಚಾರಿಸಿದ್ದಾನೆ ಎಂಬುದರಲ್ಲಿ.

ನಮ್ಮ ‘ಲಾಗಿದೆ’

ಈ ಇಂಗ್ಲಿಷ್ ಪುರಾಣಕ್ಕೂ ಕನ್ನಡಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಪ್ರತಿದಿನದ ಪತ್ರಿಕೆಯಲ್ಲೇ ಇದೆ. ಕನ್ನಡ ಸುದ್ದಿಮನೆಗಳಿಗೆ ಹೊರನಾಡಿನ ಸುದ್ದಿ ಬರುವುದು ಬಹುಪಾಲು ಇಂಗ್ಲಿಷಿನಲ್ಲಿ. ರಾತ್ರಿ ಪಾಳಿಯ ಉಪಸಂಪಾದಕರು ಗಡಿಯಾರ ನೋಡುತ್ತಾ ಅದನ್ನು ಕನ್ನಡಕ್ಕೆ ಇಳಿಸುತ್ತಾರೆ. ‘ಇಟ್ ಈಸ್ ಸೆಡ್’ ಎಂಬುದು ‘ಹೇಳಲಾಗಿದೆ’ ಆಯಿತು. ‘ರಿಪೋರ್ಟೆಡ್’ ಎಂಬುದು ‘ವರದಿಯಾಗಿದೆ’ ಆಯಿತು. ‘ಅಲೆಜ್ಡ್’ ಎಂಬುದು ‘ಆರೋಪಿಸಲಾಗಿದೆ’ ಅಥವಾ ‘ಎನ್ನಲಾಗಿದೆ’ ಆಯಿತು. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ‘ಪಕ್ಕದ ಮನೆಯವರು ಊರಿಗೆ ಹೋಗಿದ್ದಾರೆಂದು ಹೇಳಲಾಗಿದೆ’ ಎಂದು ಯಾವ ತಾಯಿಯೂ ಮಗನಿಗೆ ಹೇಳಿರಲಾರಳು. ‘ಹೋಗಿದ್ದಾರಂತೆ ಕಣೋ’ ಎನ್ನುತ್ತಾಳೆ.

ಬರವಣಿಗೆಗೆ ‘ಅಂತೆ’ ಹಗುರವೆನಿಸಿ, ‘ಲಾಗಿದೆ’ ಗಂಭೀರವೆನಿಸಿತು. ಇದರಿಂದ ಒಂದು ನಷ್ಟವಾಗಿದೆ. ‘ಅಂತೆ’ ಎಂದೊಡನೆ ಕೇಳುವವರು ಎಚ್ಚರವಾಗುತ್ತಾರೆ. ಇದು ಕೇಳಿದ ಮಾತು, ಸ್ವಲ್ಪ ತಡೆದು ನಂಬೋಣ ಎನ್ನುತ್ತಾರೆ. ‘ಹೇಳಲಾಗಿದೆ’ ಎಂದಾಗ ಹಾಗಾಗುವುದಿಲ್ಲ. ಅದಕ್ಕೊಂದು ಸರ್ಕಾರಿ ಮೊಹರಿನ ಗತ್ತು ಇರುತ್ತದೆ. ಇನ್ನು ‘ತಿಳಿದುಬಂದಿದೆ’ ಎಂಬುದರ ಬಗ್ಗೆ ಹೇಳುವುದೇ ಬೇಡ. ಅದು ಆ ಹದಿನಾರು ಪದಗಳ ವಾಕ್ಯದ ‘ಲರ್ನ್ಡ್’ಗೆ ತೀರಾ ಹತ್ತಿರದ ನೆಂಟ. ಮೊಬೈಲ್ ಫೋನಿನಲ್ಲಿ ದಿನಕ್ಕೆ ಹತ್ತಾರು ಸುದ್ದಿಗಳು ಬಂದು ಬೀಳುವ ಈ ಕಾಲದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಸುದ್ದಿಗೇ ೨೦೧೮ರಲ್ಲಿ ದೇಶದ ಹಲವೆಡೆ ಅಮಾಯಕರು ಗುಂಪುಗಳ ಕೈಯಲ್ಲಿ ಜೀವ ಕಳೆದುಕೊಂಡಿದ್ದನ್ನು ಮರೆಯುವಂತಿಲ್ಲ. ಬೆಂಗಳೂರಿನಲ್ಲೂ ಆ ವರ್ಷ ಇಂಥದೊಂದು ಸಾವು ಸಂಭವಿಸಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಕಂಡದ್ದಕ್ಕೇ ಇಷ್ಟು ಎಚ್ಚರಿಕೆಯಾದರೆ ಕೇಳಿದ್ದಕ್ಕೆ ಎಷ್ಟಿರಬೇಕು? ‘ಹೇಳಲಾಗಿದೆ’ ಎಂಬುದು ಕಣ್ಣಿಗೆ ಬಿದ್ದಾಗಲೆಲ್ಲ ‘ಯಾರು?’ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ. ಅದೇ ಪುಟದಲ್ಲಿ ಉತ್ತರ ಸಿಕ್ಕರೆ ಸಂತೋಷ. ಸಿಗದಿದ್ದರೆ ಇನ್ನೊಬ್ಬರಿಗೆ ದಾಟಿಸುವ ಮೊದಲು ಒಂದು ಗಳಿಗೆ ತಡೆಯಬಹುದು.

ಚಾಸರನ ಆ ಕಾವ್ಯದ ಕೊನೆ ಕುತೂಹಲಕರವಾಗಿದೆ. ವದಂತಿಯ ಮನೆಯಲ್ಲಿ ಒಮ್ಮೆಲೇ ಗದ್ದಲವೆದ್ದು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಒಂದು ಮೂಲೆಗೆ ಓಡುತ್ತಾರೆ. ಅಲ್ಲಿ ಒಬ್ಬ ಮನುಷ್ಯ ಕಾಣಿಸಿಕೊಳ್ಳುತ್ತಾನೆ. ನೋಡಿದರೆ ಬಲ್ಲವನು, ಅಧಿಕಾರವುಳ್ಳವನು ಎನಿಸುತ್ತದೆ. ಇನ್ನೇನು ಅವನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕಾವ್ಯ ನಿಂತುಹೋಗುತ್ತದೆ. ಕವಿ ಅದನ್ನು ಪೂರ್ಣಗೊಳಿಸಲೇ ಇಲ್ಲ. ಆ ಮನುಷ್ಯ ಯಾರು, ಏನು ಹೇಳಲಿದ್ದ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಲೇ ಇದ್ದಾರೆ.